ಪುಕ್ಕಟೆ ಟೈಲ್ ಚೂರೋ, ಕಾಸು ಕೊಟ್ಟ ಗಾಜೋ? ಮೊದಲ ಮೊಸಾಯಿಕ್‌ಗೆ ಯಾವುದನ್ನು ಆರಿಸಬೇಕು

ಬಚ್ಚಲುಮನೆಯ ಟೈಲ್ ಬದಲಿಸಿದ ವರ್ಷ ನಮ್ಮ ಮನೆಯಲ್ಲಿ ಎರಡೂವರೆ ಪೆಟ್ಟಿಗೆ ಟೈಲ್ ಉಳಿಯಿತು. ಕೆಲಸ ಮುಗಿಸಿ ಹೊರಟ ಮೇಸ್ತ್ರಿ, "ಇಟ್ಕೊಳ್ಳಿ ಮೇಡಂ, ಮುಂದೆ ಯಾವುದಾದ್ರೂ ಒಡೆದ್ರೆ ಬೇಕಾಗುತ್ತೆ" ಅಂದರು. ಪೆಟ್ಟಿಗೆಗಳು ಅಟ್ಟ ಸೇರಿದವು. ಎರಡು ವರ್ಷ ಒಂದು ಟೈಲೂ ಒಡೆಯಲಿಲ್ಲ. ಕೊನೆಗೆ ನಾನೇ ಒಡೆದೆ.

ಗೋಣಿಚೀಲದೊಳಗೆ ಹಾಕಿ, ಸುತ್ತಿಗೆಯಲ್ಲಿ ಕುಟ್ಟಿ, ಬಂದ ಚೂರನ್ನೆಲ್ಲ ತುಳಸಿ ಕುಂಡಕ್ಕೆ ಅಂಟಿಸಿದೆ. ಅಂಟು ಅಂದರೆ ಮನೆಯಲ್ಲಿ ಬಿದ್ದಿದ್ದ ಮರಗೆಲಸದ ಬಿಳಿ ಗಮ್. ಏಪ್ರಿಲ್‌ನಲ್ಲಿ ನೋಡಿದವರೆಲ್ಲ ಹೊಗಳಿದರು. ಜೂನ್ ಮಳೆ ಹಿಡಿದಿದ್ದೇ ತಡ, ಏಳು ವರ್ಷದ ಮಗುವಿನ ಹಲ್ಲಿನ ಹಾಗೆ ಚೂರುಗಳು ಒಂದೊಂದಾಗಿ ಅಲ್ಲಾಡಿ ಉದುರಿದವು. ಬೇರೆ ಕೆಲಸಕ್ಕೆಂದು ಬಂದಿದ್ದ ಅದೇ ಮೇಸ್ತ್ರಿ ನೋಡಿ ನಕ್ಕರು. "ಬಡಗಿ ಗಮ್‌ನಲ್ಲಿ ಗಾರೆ ಕೆಲಸ ಮಾಡಿದ್ರೆ ಇನ್ನೇನಾಗುತ್ತೆ ಮೇಡಂ?"

ಆಮೇಲೆ ಗಾಜು ಹಿಡಿದೆ. ಈಗ ಎರಡೂ ಮಾಡುತ್ತೇನೆ. ಹೊಸದಾಗಿ ಶುರು ಮಾಡುವವರು ಕೇಳುವ ಮೊದಲ ಪ್ರಶ್ನೆ, ಗಾಜಿನಲ್ಲಿ ಶುರು ಮಾಡಲೋ ಟೈಲಿನಲ್ಲೋ ಅಂತ. ಮನೆಯಲ್ಲಿ ಟೈಲ್ ಸುಮ್ನೆ ಬಿದ್ದಿರುತ್ತದೆ, ಗಾಜಿಗೆ ಕಾಸು ಬಿಚ್ಚಬೇಕು. ಹಾಗಾಗಿ ಟೈಲೇ ಸುಲಭ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದು ತಿರುವುಮುರುವು. ಟೈಲ್ ಪುಕ್ಕಟೆ ಸಿಕ್ಕರೂ ಕೈಗೆ ಬಗ್ಗುವುದಿಲ್ಲ. ಗಾಜಿಗೆ ದುಡ್ಡು ಕೊಟ್ಟರೂ ಮೊದಲ ದಿನವೇ ಹೇಳಿದ ಮಾತು ಕೇಳುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆ ಮೊಸಾಯಿಕ್ ಅಂದರೆ ಹಳೆ ಮನೆಗಳ ನೆಲ ಅಂತಲೇ ಲೆಕ್ಕ. ಸಿಮೆಂಟಿಗೆ ಅಮೃತಶಿಲೆಯ ಚೂರು ಕಲಸಿ, ಹಾಸಿ, ಮೆಷಿನ್‌ನಲ್ಲಿ ಉಜ್ಜಿ ನುಣುಪು ಮಾಡಿದ್ದು. ಅದು ಬೇರೆಯೇ ಕಸುಬು. ಇಲ್ಲಿ ಮಾತಾಡುತ್ತಿರುವುದು ಚೂರುಗಳನ್ನು ಕೈಯಲ್ಲಿ ಜೋಡಿಸಿ ಚಿತ್ರ ಮಾಡುವ ಕೆಲಸ. ತಾರಸಿ ಮೇಲೆ ಒಡೆದ ಬಿಳಿ ಟೈಲ್ ಹಾಕುತ್ತಾರಲ್ಲ, ಆ ಚೈನಾ ಮೊಸಾಯಿಕ್ ಇದರ ಹತ್ತಿರದ ನೆಂಟ. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ತಮ್ಮ ಕಚೇರಿ ‘ಸಂಗತ್’ನ ಕಮಾನಿನ ಚಾವಣಿಗೆ ಹೊದಿಸಿದ್ದೂ ಇದನ್ನೇ. ಬಿಸಿಲನ್ನು ವಾಪಸ್ ಎಸೆಯುತ್ತದೆ, ಒಳಗೆ ತಂಪು. ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರು ಸೇರಿಸಿ ಗೊಂಬೆಗಳ ಸೈನ್ಯವನ್ನೇ ಕಟ್ಟಿದರು. ಅವರ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಇನ್ನು ನಾವು? ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಒಡೆದ ಚೂರಿನಲ್ಲಿ ಒಳ್ಳೆಯದು ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಬಣ್ಣಕ್ಕಿಂತ ಮುಂಚೆ ಜಾಗ

ಅಂಗಡಿಗೆ ಹೋಗಿ ಬಣ್ಣ ನೋಡಿ ಮರುಳಾಗುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಮಾಡಿದ್ದನ್ನು ಎಲ್ಲಿ ಇಡುತ್ತೀರಿ? ಮಳೆ ಬೀಳುತ್ತಾ, ಬಿಸಿ ತಾಗುತ್ತಾ, ಕಾಲು ತುಳಿಯುತ್ತಾ, ಹಿಂದಿನಿಂದ ಬೆಳಕು ಬರುತ್ತಾ?

ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋದರೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ತಲೆ ಎತ್ತಿದರೆ ಬಣ್ಣದ ಗಾಜಿನ ಚಾವಣಿ, ಅದರ ತುಂಬ ನವಿಲು. ತಲೆ ತಗ್ಗಿಸಿದರೆ ಟೈಲಿನ ನೆಲ, ಅಲ್ಲೂ ನವಿಲಿನದೇ ವಿನ್ಯಾಸ. ಚಾವಣಿ ತಯಾರಾಗಿದ್ದು ಗ್ಲಾಸ್ಗೋದಲ್ಲಿ. ಒಂದೇ ಹಕ್ಕಿ, ಎರಡು ವಸ್ತು. ಬಿಸಿಲು ಹಾಯುವ ಕಡೆ ಗಾಜು, ಜನ ಓಡಾಡುವ ಕಡೆ ಟೈಲ್. ಅದಲು ಬದಲು ಮಾಡಿದ್ದರೆ ಎರಡೂ ಕೆಡುತ್ತಿದ್ದವು.

ಮನೆಯ ಮಟ್ಟಿಗೂ ಅಷ್ಟೇ. ಕುಕ್ಕರ್ ಇಳಿಸುವ ಹಲಗೆ ಮಾಡುವುದಾದರೆ ಗಾಜು ಬೇಡ. ಕುದಿಯುವ ಪಾತ್ರೆ ತಣ್ಣಗಿನ ಗಾಜಿನ ಮೇಲೆ ಕೂತರೆ ‘ಚಟ್’ ಅಂತ ಬಿರುಕು ಬಿಡಬಹುದು. ಅಲ್ಲಿ ಟೈಲೇ ಸರಿ. ಕಿಟಕಿಗೆ ತೂಗುಹಾಕುವುದಾದರೆ ಟೈಲ್ ಹಾಕಿ ಏನು ಪ್ರಯೋಜನ, ಬೆಳಕೇ ಹಾಯುವುದಿಲ್ಲ. ನಡೆಯುವ ಕಡೆ ಗಾಜಿನ ಮೇಲ್ಮೈ ಒದ್ದೆಯಾದರೆ ಜಾರುತ್ತದೆ, ಅಂಚು ಎದ್ದಿದ್ದರೆ ಬರಿಗಾಲಿಗೆ ಕೊಯ್ಯುತ್ತದೆ. ಒಳಗಿನ ಗೋಡೆಗೆ ಯಾವುದಾದರೂ ನಡೆಯುತ್ತದೆ. ಅದಕ್ಕೇ ಮೊದಲ ಕೆಲಸ ಒಳಗಿನ ಗೋಡೆಯದ್ದೇ ಆಗಿರಲಿ ಅನ್ನುವುದು.

ಟೈಲಿನಲ್ಲಿ ಎರಡು ಜಾತಿ, ಒಂದು ಹನಿ ನೀರಿನ ಪರೀಕ್ಷೆ

ಅಟ್ಟದಲ್ಲಿರುವ ಟೈಲ್ ಯಾವ ಜಾತಿ ಅಂತ ಗೊತ್ತಿಲ್ಲದೆ ಸುತ್ತಿಗೆ ಎತ್ತಬೇಡಿ. ಟೈಲ್ ಬೋರಲು ಹಾಕಿ ಬೆನ್ನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಸರ್ರನೆ ಇಂಗಿದರೆ ಅದು ಗೋಡೆಗೆ ಹಾಕುವ ಸಿರಾಮಿಕ್. ಹನಿ ಮುತ್ತಿನ ಹಾಗೆ ಕೂತೇ ಇದ್ದರೆ ಅದು ವಿಟ್ರಿಫೈಡ್, ನೆಲಕ್ಕೆ ಹಾಕುವಂಥದ್ದು.

ಸಿರಾಮಿಕ್ ಅಂದರೆ ಸುಟ್ಟ ಮಣ್ಣಿನ ಬಿಲ್ಲೆ, ಮೇಲೆ ತೆಳ್ಳಗಿನ ಗಾಜಿನಂಥ ಹೊಳಪು. ಮೆತ್ತಗಿರುತ್ತದೆ, ಇಕ್ಕಳಕ್ಕೆ ಬಗ್ಗುತ್ತದೆ. ಆದರೆ ಕಡಿದ ಅಂಚಿನಲ್ಲಿ ಒಳಗಿನ ಬಿಳಿ ಅಥವಾ ಕೆಂಪು ಮಣ್ಣು ಹಲ್ಲು ಕಿಸಿಯುತ್ತದೆ. ಕಡುನೀಲಿ ಟೈಲಿನ ಚೂರಿಗೆ ಸುತ್ತಲೂ ಬಿಳಿ ಗೆರೆ ಬಂದರೆ ಚಿತ್ರ ಕಲಸಿಹೋಗುತ್ತದೆ. ವಿಟ್ರಿಫೈಡ್ ಹಾಗಲ್ಲ, ನೀರು ಹೀರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಅಷ್ಟು ಬಿಗಿ. ಗಟ್ಟಿ ಅಂದರೆ ಕಲ್ಲಿನಂಥ ಗಟ್ಟಿ. ಕೈ ಇಕ್ಕಳದಲ್ಲಿ ಕಡಿಯಲು ಹೋದರೆ ಮಣಿಕಟ್ಟು ನೋಯುತ್ತದೆ, ಇಕ್ಕಳದ ಬಾಯಿ ಮೊಂಡಾಗುತ್ತದೆ. ಅದರಲ್ಲೂ ಈಗಿನ ಹೊಳಪಿನ ಟೈಲ್‌ಗಳಲ್ಲಿ ಚಿತ್ರ ಮೇಲ್ಪದರದಲ್ಲಿ ಮಾತ್ರ ಅಚ್ಚಾಗಿರುತ್ತದೆ. ಕಷ್ಟಪಟ್ಟು ಕಡಿದರೂ ಅಂಚು ಬೇರೆ ಬಣ್ಣ. ಹೊಸಬರು ಇದನ್ನು ಬಿಟ್ಟುಬಿಡುವುದು ವಾಸಿ. ಬೇಕೇ ಬೇಕು ಅಂದರೆ ಮೇಸ್ತ್ರಿ ಹತ್ತಿರ ನೀರು ಬಿಟ್ಟುಕೊಂಡು ಪಟ್ಟಿ ಪಟ್ಟಿಯಾಗಿ ಕೊಯ್ಯಿಸಿಕೊಳ್ಳಿ. ನೀವೇ ಮನೆಯೊಳಗೆ ಒಣ ಗ್ರೈಂಡರ್ ಹಚ್ಚಬೇಡಿ. ಟೈಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಒಡೆದ ಕಪ್ಪು, ಬಸಿ, ತಟ್ಟೆಗಳೂ ಇದೇ ಬಳಗ. ಫ್ರಾನ್ಸಿನ ಶಾರ್ತ್ರ್ ಊರಿನಲ್ಲಿ ರೇಮಂ ಇಸಿದೋರ್ ಎಂಬವರು ಇಂಥ ಚೂರುಗಳಿಂದಲೇ ತಮ್ಮ ಇಡೀ ಮನೆಯನ್ನು, ಒಳಗಿನ ಪೀಠೋಪಕರಣ ಸಮೇತ, ಮುಚ್ಚಿಬಿಟ್ಟರು. ನೋಡಲು ಚಂದ. ಆದರೆ ತಟ್ಟೆಯ ಚೂರು ಬಾಗಿರುತ್ತದೆ. ಒಂದು ತುದಿ ಕೂತರೆ ಇನ್ನೊಂದು ಏಳುತ್ತದೆ. ಕುಂಡದ ದುಂಡು ಮೈಗೆ ಹೊಂದುತ್ತದೆ, ಚಪ್ಪಟೆ ಹಲಗೆಗೆ ಹೊಂದುವುದಿಲ್ಲ.

ಟೈಲಿನ ಪರವಾಗಿ ಒಂದು ಮಾತು ಹೇಳಲೇಬೇಕು. ತಪ್ಪು ಮಾಡಲು ಧೈರ್ಯ ಬರುತ್ತದೆ. ಪುಕ್ಕಟೆ ವಸ್ತು, ಹತ್ತು ಚೂರು ಕೆಟ್ಟರೆ ಹೊಟ್ಟೆ ಉರಿಯುವುದಿಲ್ಲ. ದೊಡ್ಡ ಕೆಲಸಕ್ಕೆ, ಅಂದರೆ ಕಟ್ಟೆಗೆ, ಬೆಂಚಿಗೆ, ಕಾಂಪೌಂಡ್ ಗೋಡೆಗೆ, ಗಾಜು ಕೊಳ್ಳುತ್ತಾ ಹೋದರೆ ಜೇಬು ತೂತಾಗುತ್ತದೆ. ಅಲ್ಲಿ ಟೈಲಿಗೆ ಎದುರಿಲ್ಲ.

ಹಿಮ ಬೀಳುವ ಊರಿನಲ್ಲಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ನಮ್ಮ ಹವೆಗೆ ಗೋಡೆ ಟೈಲನ್ನು ಹೊರಗೆ ಹಾಕಿದರೂ ಹೆಚ್ಚೆಂದರೆ ಅಂಚಿಗೆ ಪಾಚಿ ಕಟ್ಟಬಹುದು, ಅಷ್ಟೇ. ಅಲ್ಲಿ ಟೈಲ್ ಹೀರಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಮೇಲಿನ ಹೊಳಪು ಚಕ್ಕೆ ಚಕ್ಕೆಯಾಗಿ ಎದ್ದುಬರುತ್ತದೆ. ಅಂಗಳದ ಕೆಲಸಕ್ಕೆ ನೀವು ಗಾಜು ಅಥವಾ ವಿಟ್ರಿಫೈಡನ್ನೇ ಹಿಡಿಯಿರಿ.

ಗಾಜು ಅಂದರೆ ಯಾವ ಗಾಜು

ಅಂಗಡಿಯಲ್ಲಿ "ಮೊಸಾಯಿಕ್ ಗಾಜು ಕೊಡಿ" ಅಂದರೆ ನಾಲ್ಕು ಥರದ್ದನ್ನು ಮುಂದಿಡುತ್ತಾರೆ. ಹೊಸಬರಿಗೆ ಬೇಕಾದ್ದು ಈಜುಕೊಳಕ್ಕೆ ಹಾಕುವ ಪುಟ್ಟ ಚೌಕ, 20 ಮಿ.ಮೀ. ಉದ್ದಗಲ, 4 ಮಿ.ಮೀ. ದಪ್ಪ. ಬಣ್ಣ ಗಾಜಿನೊಳಗೇ ಬೆರೆತಿರುತ್ತದೆ, ಎಲ್ಲಿ ಕಡಿದರೂ ಅದೇ ಬಣ್ಣ. ಬೆನ್ನಿಗೆ ಗೆರೆಗಳಿರುತ್ತವೆ, ಅಂಟು ಕಚ್ಚಿಕೊಳ್ಳಲಿ ಅಂತ. ಅಂಚು ಸ್ವಲ್ಪ ಓರೆ. ಇದು ಕಾಗದಕ್ಕೋ ಬಲೆಗೋ ಅಂಟಿಸಿದ ಹಾಳೆಯಾಗಿ ಸಿಗುತ್ತದೆ. ಸಾಮಾನ್ಯವಾಗಿ ಒಂದು ಹಾಳೆಯಲ್ಲಿ ಹದಿನೈದು ಸಾಲು, ಸಾಲಿಗೆ ಹದಿನೈದು, ಒಟ್ಟು 225 ಚೌಕ. ಒಂದು ಅಡಿಗಿಂತ ತುಸು ಜಾಸ್ತಿ ಉದ್ದಗಲ. ಬಿಸಿನೀರಿನಲ್ಲಿ ನೆನೆಸಿದರೆ ಕಾಗದ ಕಳಚಿಕೊಳ್ಳುತ್ತದೆ. ಬಿಡಿ ಚೌಕಗಳನ್ನು ಗೋಲಿ ಡಬ್ಬಿಯ ಹಾಗೆ ಬಣ್ಣ ಬಣ್ಣಕ್ಕೆ ಬೇರೆ ಮಾಡಿ ಇಟ್ಟುಕೊಳ್ಳಿ.

ಎರಡನೆಯದು ಬಣ್ಣದ ಗಾಜಿನ ಹಾಳೆ, ಸುಮಾರು 3 ಮಿ.ಮೀ. ಬೇಕಾದ ಆಕಾರಕ್ಕೆ ಕೊಯ್ಯಬಹುದು, ಬೆಳಕಿಗೆ ಹಿಡಿದರೆ ಜೀವ ಬರುತ್ತದೆ. ಆದರೆ ಪಾರದರ್ಶಕ ಗಾಜಿನ ಕೆಳಗೆ ಏನಿದ್ದರೂ ಕಾಣುತ್ತದೆ. ಅಂಟು ಬಳಿದ ಕರಣೆಯ ಗೀರು, ಬೆರಳಿನ ಗುರುತು, ಹಲಗೆಯ ಕಂದು, ಎಲ್ಲ. ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಮೂರನೆಯದು ಕನ್ನಡಿ. ಕಛ್‌ನ ಲಿಪ್ಪನ್ ಕೆಲಸ, ಅಂದರೆ ಮಣ್ಣಿನ ಗೋಡೆಗೆ ಕನ್ನಡಿ ಚೂರು ಕೂರಿಸುವ ಕಲೆ, ನೋಡಿದವರಿಗೆಲ್ಲ ಇದರ ಮೇಲೆ ಕಣ್ಣು. ಅಲ್ಲಲ್ಲಿ ಒಂದೊಂದು ಚೂರು ಇಟ್ಟರೆ ಚಂದವೇ. ಆದರೆ ಕನ್ನಡಿಯ ಬೆನ್ನಿನ ಬೆಳ್ಳಿಯ ಲೇಪ ಬಹಳ ನಾಜೂಕು. ಅಂಟು ಬಿಚ್ಚಿದ ಕೂಡಲೇ ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ಇರುತ್ತದಲ್ಲ, ಅದು ಈ ಲೇಪವನ್ನು ತಿಂದು ಕಪ್ಪು ಕಲೆ ಎಬ್ಬಿಸುತ್ತದೆ. ಕನ್ನಡಿಗೆ ಆ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ.

ನಾಲ್ಕನೆಯದೇ ಮೋಸದ್ದು. ಸಾದಾ ಗಾಜಿನ ಬೆನ್ನಿಗೆ ಬಣ್ಣ ಬಳಿದು ಮಾರುವುದು. ಮುಂದಿನಿಂದ ಥಳಥಳ. ಬೆನ್ನಿಗೆ ಒಂದು ಮೊಳೆಯಿಂದ ಗೀರಿ ನೋಡಿ, ಬಣ್ಣ ಎದ್ದುಬಂದರೆ ಅಂಗಡಿಯಲ್ಲೇ ಬಿಡಿ. ನೀವು ಅಂಟಿಸುವುದು ಗಾಜನ್ನಲ್ಲ, ಆ ಬಣ್ಣದ ಪದರವನ್ನು. ನೀರು ತಾಗಿದ ದಿನ ಗಾಜು ಒಂದು ಕಡೆ, ಬಣ್ಣ ಒಂದು ಕಡೆ.

ಬಳೆ ಚೂರನ್ನು ಮರೆಯಲು ಆಗುತ್ತಾ? ಗಾಜಿನ ಬಳೆ ಬಾಗಿರುವುದರಿಂದ ಅಂಚಿನ ಗೆರೆಗೆ, ಹೂವಿನ ದಳದ ಸುತ್ತಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬಟ್ಟೆಯೊಳಗೆ ಸುತ್ತಿಕೊಂಡು ಮುರಿಯಿರಿ, ಇಲ್ಲದಿದ್ದರೆ ಅಡುಗೆಮನೆವರೆಗೂ ಹಾರುತ್ತದೆ. ಇಟಲಿಯ ರವೆನ್ನಾದ ಚರ್ಚುಗಳಲ್ಲಿ ಹೊಳೆಯುವ ಸ್ಮಾಲ್ಟಿ ಎಂಬ ದಪ್ಪ ಗಾಜೂ ಒಂದಿದೆ. ವೆನಿಸ್‌ನಲ್ಲಿ ಇಂದಿಗೂ ಮಾಡುತ್ತಾರೆ. ಅದರ ಬೆಲೆ ಕೇಳಿದರೆ ಮೊದಲ ವರ್ಷಕ್ಕೆ ಅದು ಬೇಡ ಅನ್ನಿಸುತ್ತದೆ.

ತೂಕದ ಲೆಕ್ಕವೂ ಇರಲಿ. 4 ಮಿ.ಮೀ. ಗಾಜು ಚದರಡಿಗೆ ಒಂದು ಕೆ.ಜಿ. ಹತ್ತಿರ. 8 ಮಿ.ಮೀ. ನೆಲದ ಟೈಲ್ ಒಂದೂಮುಕ್ಕಾಲು ಕೆ.ಜಿ. ಹತ್ತಿರ. ಮೇಲೆ ಹಲಗೆ, ಅಂಟು, ಗ್ರೌಟ್ (ಸಂದಿ ತುಂಬುವ ಗಾರೆ) ಸೇರಿಸಿ. ಗೋಡೆಗೆ ಒಂದೇ ಮೊಳೆ ಹೊಡೆದು ತೂಗುಹಾಕುವ ಯೋಚನೆ ಇದ್ದರೆ ಗಾಜೇ ವಾಸಿ. ಗಾಜು ಟೈಲ್ ಎರಡನ್ನೂ ಬೆರೆಸುವ ಆಸೆ ಎಲ್ಲರಿಗೂ ಬರುತ್ತದೆ. ದಪ್ಪ ಬೇರೆ ಬೇರೆಯಾದ್ದರಿಂದ ಮೇಲ್ಮೈ ಏರುಪೇರಾಗುತ್ತದೆ. ಗೋಡೆ ಚಿತ್ರಕ್ಕೆ ಅದೂ ಒಂದು ಅಂದ, ಚಹಾ ಲೋಟ ಇಡುವ ಮೇಜಿಗೆ ಅಲ್ಲ.

ಟಕ್ ಅನ್ನುವ ಸದ್ದು

ಗಾಜು ಸುಲಭ ಅಂತ ನಾನು ಹೇಳುವುದಕ್ಕೆ ಕಾರಣ ಒಂದೇ ಒಂದು ಉಪಕರಣ, ಚಕ್ರದ ಇಕ್ಕಳ. ಬಾಯಿಯ ಜಾಗದಲ್ಲಿ ಎರಡು ಪುಟ್ಟ ಗಟ್ಟಿ ಚಕ್ರಗಳು ಎದುರುಬದುರು ಇರುತ್ತವೆ. ಎಡಗೈ ಹೆಬ್ಬೆರಳು ತೋರುಬೆರಳಲ್ಲಿ ಚೌಕ ಹಿಡಿಯಿರಿ. ಚಕ್ರ ಗಾಜಿನ ಅಂಚನ್ನು ಎರಡು ಮೂರು ಮಿ.ಮೀ. ಮಾತ್ರ ಕಚ್ಚಲಿ, ಒಳಗೆ ತೂರಿಸಬೇಡಿ. ಇಕ್ಕಳವನ್ನು ಹಿಡಿಯ ತುದಿಯಲ್ಲಿ ಹಿಡಿದು ಒತ್ತಿ. ಟಕ್. ಚಕ್ರ ನೋಡುತ್ತಿದ್ದ ದಿಕ್ಕಿಗೇ ಬಿರುಕು ಓಡುತ್ತದೆ, ಚೌಕ ಎರಡು ಪಟ್ಟಿಯಾಗಿ ಬೆರಳಿಗೆ ಬರುತ್ತದೆ. ಮೂಲೆಯಿಂದ ಮೂಲೆಗೆ ಹಿಡಿದರೆ ತ್ರಿಕೋನ. ನಾಲ್ಕು ಮೂಲೆ ಕಡಿದು, ಸುತ್ತ ಇಲಿ ಕಡಿದ ಹಾಗೆ ಚೂರು ಚೂರೇ ಕಡಿಯುತ್ತಾ ಹೋದರೆ ವೃತ್ತ. ನನ್ನ ಮೊದಲ ಐದು ಚೌಕ ಹಾಳಾದವು. ಆರನೆಯದು ಸರಿಯಾಗಿ ಸೀಳಿತು. ಚಕ್ರ ಒಂದು ಜಾಗದಲ್ಲಿ ಮೊಂಡಾದರೆ ಸ್ಕ್ರೂ ಸಡಿಲಿಸಿ ಸ್ವಲ್ಪ ತಿರುಗಿಸಿ ಬಿಗಿ ಮಾಡಿದರಾಯಿತು.

ಟೈಲಿನ ಇಕ್ಕಳ ಬೇರೆ. ಅದರ ಬಾಯಿ ಗಿಣಿಯ ಕೊಕ್ಕಿನ ಹಾಗೆ, ಕೆಲಸವೂ ಹಾಗೇ, ಕೊಕ್ಕಿ ಕೊಕ್ಕಿ ತೆಗೆಯಬೇಕು. ಬಿರುಕು ನಮ್ಮ ಮಾತು ಕೇಳುವುದು ಎರಡು ಸಲಕ್ಕೆ ಒಂದು ಸಲ. ಸುತ್ತಿಗೆಯಲ್ಲಿ ಒಡೆಯುವುದಾದರೆ ಆಕಾರ ದೇವರ ಇಚ್ಛೆ. ಬಂದ ಚೂರಿಗೆ ತಕ್ಕ ಜಾಗ ಹುಡುಕಬೇಕೇ ಹೊರತು ಜಾಗಕ್ಕೆ ತಕ್ಕ ಚೂರು ಸಿಗುವುದಿಲ್ಲ. ಹಿನ್ನೆಲೆ ತುಂಬಲು ಅದು ಚೆನ್ನ. ನವಿಲಿನ ಕಣ್ಣು ಮಾಡಲು ಆಗುವುದಿಲ್ಲ.

ಗಾಜಿನ ಹಾಳೆಗೆ ಮೂರನೇ ಉಪಕರಣ ಬೇಕು, ಗೀರುವ ಕಟ್ಟರ್. ಗೀರಿ ಮುರಿಯುವುದು ಅಭ್ಯಾಸದ ಮಾತು.

ಯಾವುದನ್ನೇ ಕಡಿಯಿರಿ, ಕನ್ನಡಕ ಹಾಕಿಕೊಳ್ಳಿ. ಓದುವ ಕನ್ನಡಕವಲ್ಲ, ಪಕ್ಕವೂ ಮುಚ್ಚುವಂಥದ್ದು. ಚಪ್ಪಲಿ ಮೆಟ್ಟಿಕೊಂಡೇ ಕೂತುಕೊಳ್ಳಿ. ಕೆಲಸ ಮುಗಿದ ಮೇಲೆ ಪೊರಕೆ ಸಾಲದು, ಕಣ್ಣಿಗೆ ಕಾಣದ ಗಾಜಿನ ಸೂಜಿಗಳು ಉಳಿದಿರುತ್ತವೆ. ಒಂದು ಉಂಡೆ ಚಪಾತಿ ಹಿಟ್ಟು ತೆಗೆದುಕೊಂಡು ನೆಲಕ್ಕೆ ಒತ್ತುತ್ತಾ ಹೋಗಿ, ಎಲ್ಲ ಅಂಟಿಕೊಂಡು ಬರುತ್ತದೆ. ಆಮೇಲೆ ಆ ಹಿಟ್ಟನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಅಭ್ಯಾಸಬಲದಲ್ಲಿ ಹಸುವಿಗೆ ಹಾಕಿಬಿಟ್ಟೀರಿ!

ಅಂಟಿನಲ್ಲಿ ಉಳಿತಾಯ ಮಾಡಿದವರ ಗತಿ

ನನ್ನ ತುಳಸಿ ಕುಂಡದ ಕತೆ ಆಯಿತಲ್ಲ. ಬಿಳಿ ಗಮ್ ಒಣಗುವುದೇ ಅದರೊಳಗಿನ ನೀರು ಆರಿಹೋಗುವುದರಿಂದ. ಮತ್ತೆ ನೀರು ಕುಡಿದರೆ ಮೆತ್ತಗಾಗುತ್ತದೆ. ಒಳಗಿನ ಗೋಡೆಗೆ, ಪ್ಲೈವುಡ್ ಮೇಲೆ, ನೀರು ಕಾಣದ ಜಾಗಕ್ಕೆ ಇದು ಸಾಕು, ಅಗ್ಗವೂ ಹೌದು. ಹೊಸಬರಿಗೆ ಇನ್ನೊಂದು ಅನುಕೂಲವಿದೆ. ಒಣಗುವುದು ನಿಧಾನ, ಹಾಗಾಗಿ ಚೂರನ್ನು ಅತ್ತಿತ್ತ ಸರಿಸಿ ಕೂರಿಸಬಹುದು. ಆದರೆ ಗಾಜಿನ ಮೇಲೆ ಗಾಜು ಅಂಟಿಸಲು ಬಳಸಬೇಡಿ. ಎರಡೂ ಕಡೆ ಗಾಜಾದರೆ ನೀರು ಎಲ್ಲಿಂದ ಹೊರಗೆ ಹೋಗಬೇಕು? ವಾರ ಕಳೆದರೂ ನಡುವೆ ಹಾಲಿನ ಹಾಗೆ ಬೆಳ್ಳಗೇ ಇರುತ್ತದೆ. ಅಲ್ಲಿಗೆ ಪಾರದರ್ಶಕ ಸಿಲಿಕೋನ್ ಸರಿ.

ಮಳೆಗೆ, ಬಚ್ಚಲಿಗೆ, ಕುಂಡಕ್ಕೆ ಸಿಮೆಂಟಿನ ಟೈಲ್ ಅಂಟು, ಮೂಟೆಯಲ್ಲಿ ಬರುವ ಪುಡಿ. ಬೂದು, ಬಿಳಿ ಎರಡೂ ಸಿಗುತ್ತವೆ. ಗಾಜಿಗೆ ಬಿಳಿಯದ್ದೇ ತೆಗೆದುಕೊಳ್ಳಿ, ಬೂದು ಅಂಟು ತೆಳು ಬಣ್ಣದ ಗಾಜಿನ ಹಿಂದಿನಿಂದ ಇಣುಕಿ ಎಲ್ಲವನ್ನೂ ಮಂಕು ಮಾಡುತ್ತದೆ. ಗಾಜು ನೀರು ಹೀರುವುದಿಲ್ಲ, ಆದ್ದರಿಂದ ಚೀಲದ ಮೇಲೆ ಗಾಜಿನ ಮೊಸಾಯಿಕ್‌ಗೆ ಆಗುತ್ತದೆ ಅಂತ ಬರೆದಿರುವುದನ್ನು ನೋಡಿ ಕೊಳ್ಳಿ. ಕಲಸಿದ ಮೇಲೆ ಐದ್ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಿ. ಒಂದು ಅಂಗೈ ಅಗಲದಷ್ಟೇ ಬಳಿಯಿರಿ. ಬೆರಳಿಟ್ಟರೆ ಅಂಟಬೇಕು. ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿದ್ದರೆ ಕೆರೆದು ಹೊಸದು ಹಾಕಿ. ಆ ಪೊರೆಯ ಮೇಲೆ ಕೂರಿಸಿದ ಚೂರು ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಕೈಗವಸು ಮರೆಯಬೇಡಿ, ಸಿಮೆಂಟು ಕ್ಷಾರ, ಚರ್ಮ ಸುಡುತ್ತದೆ.

ಎರಡು ಟ್ಯೂಬಿನ ಎಪಾಕ್ಸಿ ಲೋಹಕ್ಕೋ ಕಲ್ಲಿಗೋ ಒಂದೆರಡು ಚೂರು ಕೂರಿಸಲು ಸರಿ. ಇಡೀ ಹಲಗೆಗೆ ಹಚ್ಚಲು ಹೋದರೆ ಖರ್ಚೂ ಜಾಸ್ತಿ, ಅರ್ಧ ಮುಗಿಯುವಷ್ಟರಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ.

ಕೆಳಗಿನ ಹಲಗೆಯ ವಿಷಯ ಚುಟುಕಾಗಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನೀರು ಕಂಡರೆ ಬ್ರೆಡ್ಡಿನ ಹಾಗೆ ಉಬ್ಬುತ್ತದೆ, ಒಳಗಿನ ಕೆಲಸಕ್ಕೆ ಮಾತ್ರ. ಪ್ಲೈವುಡ್ 12 ಮಿ.ಮೀ. ಇರಲಿ, ತೆಳ್ಳಗಿದ್ದರೆ ಸೊಟ್ಟಗಾಗುತ್ತದೆ. ಹೊರಗಿಡುವುದಕ್ಕೆ ಸಿಮೆಂಟ್ ಬೋರ್ಡ್. ಮಣ್ಣಿನ ಕುಂಡ ಒಳಗಿನಿಂದ ಬೆವರುತ್ತದೆ, ಆ ನೀರು ಹೊರಗೆ ಬಂದು ಚೂರನ್ನು ತಳ್ಳುತ್ತದೆ. ಒಳಗೆ ವಾಟರ್‌ಪ್ರೂಫ್ ಬಳಿಯಿರಿ, ಅಥವಾ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿಟ್ಟು ಇದರೊಳಗೆ ಇಳಿಸಿ.

ಚಿತ್ರಕ್ಕೆ ಎಲ್ಲಿಗೆ ಹೋಗುವುದು

ಚೌಕ ಗಾಜು ಆರಿಸಿದರೆ ನಮ್ಮ ಹತ್ತಿರ ಒಂದು ಖಜಾನೆ ಇದೆ, ಧಾರವಾಡದ ಕಸೂತಿ. ಗೋಪುರ, ತೇರು, ಆನೆ, ತುಳಸಿ ಕಟ್ಟೆ, ಎಲ್ಲವೂ ಎಳೆ ಎಣಿಸಿ ಹಾಕುವ ವಿನ್ಯಾಸ. ಅದರಲ್ಲೂ ಮೆಂತಿ ಹೊಲಿಗೆಯ (ಕ್ರಾಸ್ ಸ್ಟಿಚ್) ಒಂದು ಗುರುತಿಗೆ ಒಂದು ಗಾಜಿನ ಚೌಕ ಅಂತ ಲೆಕ್ಕ ಹಾಕಿ ಗ್ರಾಫ್ ಹಾಳೆಯಲ್ಲಿ ಬರೆದುಕೊಂಡರೆ ಇಕ್ಕಳವೇ ಬೇಡ, ಒಂದು ಚೂರೂ ಕಡಿಯದೆ ತೇರು ಎದ್ದು ನಿಲ್ಲುತ್ತದೆ. ಒಡೆದ ಟೈಲಿಗೆ ಇದು ಒಗ್ಗದು. ಅದಕ್ಕೆ ಬಳ್ಳಿ, ಎಲೆ, ಮೀನು, ಹಾವು, ಹೀಗೆ ಬಳುಕುವ ಆಕಾರಗಳೇ ಸರಿ.

ಎಲ್ಲರೂ ಮೊದಲು ಮಾಡಲು ಹೋಗುವುದು ಮನೆಯ ಹೆಸರಿನ ಫಲಕ. ಇಲ್ಲಿ ಒಂದು ತೊಡಕಿದೆ. ಒಂದಡಿಗೆ ಅರ್ಧ ಅಡಿಯ ಹಲಗೆಯಲ್ಲಿ ಉದ್ದಕ್ಕೆ 14, ಎತ್ತರಕ್ಕೆ 7 ಚೌಕ ಕೂರುತ್ತವೆ, ಒಟ್ಟು 98. ಇಂಗ್ಲಿಷ್ ಅಕ್ಷರ ಐದು ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ‘ಶ್ರೀ’? ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಎಲ್ಲ ದುಂಡಗೆ. ಏಳು ಚೌಕದಲ್ಲಿ ಯಾವ ಕಾರಣಕ್ಕೂ ಹಿಡಿಸುವುದಿಲ್ಲ. ಹಾಗಾಗಿ ಚೌಕದಲ್ಲಿ ಮನೆ ನಂಬರ್ ಮಾತ್ರ ಮಾಡಿ. ಹೆಸರು ಬೇಕೆಂದರೆ ಗಾಜನ್ನು ಸಣ್ಣ ಪಟ್ಟಿ ಮಾಡಿಕೊಂಡು ಅಕ್ಷರದ ತಿರುವಿನ ಜೊತೆಗೇ ಒಂದರ ಹಿಂದೆ ಒಂದು ಇರುವೆ ಸಾಲಿನ ಹಾಗೆ ಜೋಡಿಸಿ. ಮೊದಲು ಅಕ್ಷರ, ಆಮೇಲೆ ಹಿನ್ನೆಲೆ.

ಮೊದಲ ಕೆಲಸಕ್ಕೆ ಹಲಗೆಯ ಮೇಲೆ ನೇರವಾಗಿ ಅಂಟಿಸಿ. ಕಾಗದದ ಮೇಲೆ ಮುಖ ಕೆಳಗೆ ಮಾಡಿ ಜೋಡಿಸಿ ಮಗುಚುವ ವಿಧಾನವಿದೆ, ಸಮತಟ್ಟು ಬರುತ್ತದೆ. ಆದರೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಮನೆ ನಂಬರ್ 25 ಮಗುಚಿದ ಮೇಲೆ ಏನೋ ಆಗಿರುತ್ತದೆ. ಮೇಜಿನ ಮೇಲ್ಭಾಗ ಮಾಡುವ ದಿನ ಕಲಿತರೆ ಸಾಕು.

ಗ್ರೌಟ್: ಕಡೆಯಲ್ಲಿ ಮಾಡುವುದು, ಮೊದಲೇ ಯೋಚಿಸುವುದು

ಸಂದಿ ತುಂಬುವ ಬಣ್ಣ ಚಿತ್ರವನ್ನೇ ಬದಲಿಸುತ್ತದೆ. ವೈಟ್ ಸಿಮೆಂಟ್ ಕೈಗೆಟುಕುವಲ್ಲಿ ಇರುತ್ತದೆ ಅಂತ ಎಲ್ಲರೂ ಬಿಳಿ ಹಾಕುತ್ತಾರೆ. ಬಿಳಿ ಗೆರೆ ಕಣ್ಣಿಗೆ ಮೊದಲು ಹೊಡೆಯುತ್ತದೆ, ಗಾಜಿನ ಬಣ್ಣ ಹಿಂದೆ ಸರಿಯುತ್ತದೆ. ಬೂದು ಅಥವಾ ಕಪ್ಪು ಹಾಕಿ ನೋಡಿ, ಅದೇ ನೀಲಿ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಒಡೆದ ಸಿರಾಮಿಕ್‌ಗೆ ಮಾತ್ರ ಲೆಕ್ಕ ಬೇರೆ. ಅದರ ಅಂಚಿನ ಮಣ್ಣಿನ ಬಣ್ಣಕ್ಕೆ ಹತ್ತಿರದ ಗ್ರೌಟ್ ಹಾಕಿದರೆ ಆ ಹಲ್ಲು ಕಿಸಿದ ಗೆರೆ ಮುಚ್ಚಿಹೋಗುತ್ತದೆ.

3 ಮಿ.ಮೀ. ಒಳಗಿನ ಸಂದಿಗೆ ಮರಳಿಲ್ಲದ ಗ್ರೌಟ್, ಅದಕ್ಕಿಂತ ಅಗಲಕ್ಕೆ ಮರಳಿನದು. ಗಾಜಿಗೆ ಸಂದಿ ಕಿರಿದಾಗಿರುವುದರಿಂದ ಸಾಮಾನ್ಯವಾಗಿ ಮೊದಲನೆಯದು. ಸುತ್ತಿಗೆಯಲ್ಲಿ ಒಡೆದ ಟೈಲಿನ ಸಂದಿ ಒಂದು ಕಡೆ ಕಿರಿದು ಒಂದು ಕಡೆ ಅಗಲ, ಅಲ್ಲಿ ಮರಳಿಲ್ಲದ್ದನ್ನು ತುಂಬಿದರೆ ಒಣಗುವಾಗ ಬಿರಿಯುತ್ತದೆ.

ಸಿಮೆಂಟ್ ಅಂಟು ಹಾಕಿ ಒಂದು ದಿನ ಪೂರ್ತಿ ಬಿಡಿ. ಗ್ರೌಟನ್ನು ಒಬ್ಬಟ್ಟಿನ ಹೂರಣದ ಹದಕ್ಕೆ ಕಲಸಿ, ಮೆತ್ತಗಿರಬೇಕು, ಹರಿಯಬಾರದು. ರಬ್ಬರ್ ತುಂಡಿನಿಂದ ನಾಲ್ಕೂ ದಿಕ್ಕಿಗೆ ಎಳೆದು ಒತ್ತಿ. ಆಗ ಒಂದು ಕ್ಷಣ ಅಳು ಬರುತ್ತದೆ, ಚಿತ್ರವೆಲ್ಲ ಕೆಸರಿನಲ್ಲಿ ಮುಳುಗಿದಂತೆ ಕಾಣುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾದು, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ. ನೀರು ಜಾಸ್ತಿ ಆದರೆ ಸಂದಿಯ ಗ್ರೌಟೇ ಎದ್ದು ಬರುತ್ತದೆ. ಗಾಜು ಒಂದೇ ಒರೆಸಿಗೆ ಬಿಟ್ಟುಕೊಡುತ್ತದೆ. ಒರಟು ಮೈಯ ಟೈಲ್ ಮಾತ್ರ ಬೂದು ಪೊರೆಯನ್ನು ಹಿಡಿದುಕೊಂಡುಬಿಡುತ್ತದೆ, ಹಳೆ ಪಂಚೆ ತುಂಡಿನಿಂದ ತಿಕ್ಕಿ ತಿಕ್ಕಿ ತೆಗೆಯಬೇಕು. ತೊಳೆದ ನೀರನ್ನು ಸಿಂಕಿಗೆ ಚೆಲ್ಲಿದರೆ ಪೈಪಿನೊಳಗೆ ಕಲ್ಲಾಗುತ್ತದೆ. ಬಕೆಟ್‌ನಲ್ಲಿ ಇಳಿಯಲು ಬಿಟ್ಟು, ಕೆಳಗಿನ ಗಟ್ಟಿಯನ್ನು ಕಸಕ್ಕೆ ಹಾಕಿ.

ತುಳಸಿ ಕಟ್ಟೆಯಲ್ಲಿ ದೀಪ ಇಡುವ ಜಾಗಕ್ಕೆ ಸಿಮೆಂಟ್ ಗ್ರೌಟ್ ಬೇಡ. ಎಣ್ಣೆ, ಅರಿಶಿನ, ಕುಂಕುಮ ಮೂರೂ ಇಂಗಿ ಅಲ್ಲೇ ಉಳಿಯುತ್ತವೆ. ಆ ಒಂದು ಅಂಗೈ ಜಾಗಕ್ಕೆ ಎಪಾಕ್ಸಿ ಗ್ರೌಟ್ ಹಾಕಿ. ಬೇಗ ಗಟ್ಟಿಯಾಗುತ್ತದೆ, ಒರೆಸುವುದು ತಾಪತ್ರಯ, ಆದರೆ ಕಲೆ ಹಿಡಿಯುವುದಿಲ್ಲ. ನಮ್ಮ ಎರಡನೇ ಕುಂಡದಲ್ಲಿ ಮಾಡಿದ್ದು ಹಾಗೇ.

ಹಾಗಾದರೆ ನೀವು

ಭಾನುವಾರ ಮಧ್ಯಾಹ್ನ ಕೂತು, ಮುಗಿಸಿ, ಗೋಡೆಗೆ ಹಾಕಿ ಖುಷಿಪಡಬೇಕು ಅನ್ನುವವರು ಗಾಜಿನ ಚೌಕ ತೆಗೆದುಕೊಳ್ಳಿ. ಎರಡು ಮೂರು ಬಣ್ಣದ ಹಾಳೆ, ಒಂದು ಚಕ್ರದ ಇಕ್ಕಳ, ಅರ್ಧ ಅಡಿ ಉದ್ದಗಲದ ಪ್ಲೈವುಡ್, ಬಿಳಿ ಗಮ್, ಬೂದು ಗ್ರೌಟ್. ಅಂಟು ಆರಲು ಬಿಟ್ಟು ಮುಂದಿನ ಭಾನುವಾರ ಗ್ರೌಟ್ ಮಾಡಿದರೂ ಅವಸರವಿಲ್ಲ.

ಮಕ್ಕಳ ಜೊತೆ ಮಾಡುವವರಿಗೂ ಅದೇ ಚೌಕ, ಇಕ್ಕಳ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಕಡಿಯದೆ ಆಗುವ ಕಸೂತಿ ವಿನ್ಯಾಸ ಕೊಡಿ. ಕಿಟ್ ಎಂದು ಮಾರುವುದನ್ನು ಉಡುಗೊರೆಗೆ ಕೊಳ್ಳಬಹುದು. ನೀವೇ ಜೋಡಿಸಿಕೊಂಡರೆ ಅದೇ ದುಡ್ಡಿಗೆ ಇನ್ನೂ ಜಾಸ್ತಿ ಸಾಮಾನು ಬರುತ್ತದೆ.

ಬಣ್ಣದ ಗಾಜಿನ ಹಾಳೆಯ ಮೇಲೆ ಮನಸ್ಸಿದ್ದವರು ಮೂರು ತಿಂಗಳು ತಡೆಯಿರಿ.

ಅಟ್ಟದಲ್ಲಿ ಟೈಲ್ ಕೊಳೆಯುತ್ತಿದೆ, ಅದನ್ನೇ ಬಳಸುತ್ತೇನೆ ಅನ್ನುವವರು ಒಂದು ಹನಿ ನೀರು ಬಿಟ್ಟು ಜಾತಿ ನೋಡಿ. ಇಂಗಿತಾ? ಸರಿ, ಗಿಣಿಮೂತಿ ಇಕ್ಕಳ ತನ್ನಿ. ಗೋಡೆ ಚಿತ್ರಕ್ಕೆ ಕೈ ಹಾಕದೆ ಅಂಗಳದ ಕಟ್ಟೆಗೋ, ದೊಡ್ಡ ಕುಂಡಕ್ಕೋ, ಕುಕ್ಕರ್ ಇಳಿಸುವ ಹಲಗೆಗೋ ಬಳಸಿ. ಅಲ್ಲಿ ಸೊಟ್ಟ ಚೂರೂ ಸೊಗಸೇ. ಟೈಲಿಗೆ ಉಳಿದ ಕಾಸಿನಲ್ಲಿ ಒಂದು ಮೂಟೆ ಸಿಮೆಂಟ್ ಅಂಟು ತನ್ನಿ, ಬಿಳಿ ಗಮ್ ಡಬ್ಬಿಯನ್ನು ಬಡಗಿಗೇ ಬಿಡಿ.